ಮುಂಗಾಣುವ ನಾಯಕ ಮತ್ತು ಓದುಗರ ತೀರ್ಪು: ರೋಚಕ ಕಾದಂಬರಿಯ ಗ್ರಹಿಕೆಯಲ್ಲಿ ಜನಪದ ನೆಲೆಗಳು

ಕನ್ನಡದ ಜನಪ್ರಿಯ ಕಾದಂಬರಿಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಲೇಖಕರನ್ನೂ ಕೃತಿಗಳನ್ನೂ ಕೇಂದ್ರವಾಗಿರಿಸಿಕೊಂಡಿವೆ. ಆ ಕೃತಿಗಳನ್ನು ಓದಿದವರು ಏನು ಹೇಳಿದರು, ಯಾವ ಅಳತೆಗೋಲಿನಿಂದ ಒಂದನ್ನು ಮೆಚ್ಚಿ ಮತ್ತೊಂದನ್ನು ತಳ್ಳಿದರು ಎಂಬ ಪ್ರಶ್ನೆ ಅಷ್ಟಾಗಿ ಎದ್ದಿಲ್ಲ. ಜನಪ್ರಿಯ ಕೃತಿಯ ಓದುಗನಿಗೆ ಅಭಿರುಚಿ ಇರಬಹುದೇ ಹೊರತು ವಿಚಾರವಿಲ್ಲ ಎಂಬ ಪೂರ್ವಗ್ರಹವೇ ಇದಕ್ಕೆ ಕಾರಣವಿರಬೇಕು. ಮುಂದೆ ನಡೆಯಲಿರುವುದನ್ನು ಮೊದಲೇ ಕಾಣಬಲ್ಲ ನಾಯಕನಿರುವ ರೋಚಕ ಕಾದಂಬರಿಗಳ ವಿಷಯದಲ್ಲಿ ಈ ಪೂರ್ವಗ್ರಹ ಇನ್ನೂ ಬಲವಾಗಿದೆ. ಅಂತಹ ಕೃತಿಗಳನ್ನು ಮೆಚ್ಚುವವರೆಲ್ಲ ಮೂಢನಂಬಿಕೆಯವರು ಎಂದು ತೀರ್ಮಾನಿಸಿಬಿಡುವುದು ಸುಲಭ.

ಆದರೆ ಇಂತಹ ಕಥೆಯ ಬಗ್ಗೆ ಓದುಗರು ಆಡುವ ಮಾತುಗಳನ್ನು ಗಮನಿಸಿದರೆ ಮೂರು ಪ್ರಶ್ನೆಗಳು ಮರಳಿ ಮರಳಿ ಬರುತ್ತವೆ. ಈ ಅರಿವು ಇವನಿಗೆ ಎಲ್ಲಿಂದ ಬಂತು? ತಿಳಿದಿದ್ದೂ ಏಕೆ ಹೇಳಲಿಲ್ಲ? ತಿಳಿದ ಮೇಲೂ ಏಕೆ ತಪ್ಪಿಸಲಾಗಲಿಲ್ಲ? ಇವು ಕಾದಂಬರಿಯ ಓದಿನಿಂದಷ್ಟೇ ಹುಟ್ಟಿದ ಪ್ರಶ್ನೆಗಳಲ್ಲ. ಕಣಿ, ಶಕುನ, ಕನಸು, ಕಾರ್ಣಿಕ, ಕಾಲಜ್ಞಾನಗಳ ಸುತ್ತ ಕನ್ನಡ ಜನಪದರು ಬಹುಕಾಲದಿಂದ ಕಟ್ಟಿಕೊಂಡು ಬಂದಿರುವ ಕಟ್ಟಳೆಗಳೇ ಇಲ್ಲಿ ವಿಮರ್ಶೆಯ ಮಾನದಂಡಗಳಾಗಿ ಕೆಲಸ ಮಾಡುತ್ತವೆ. ಈ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಓದಿನ ನೆಲೆ

ಇಂತಹ ಓದಿನ ನೆಲೆಯಾಗಿ ಬೆಂಗಳೂರಿನ ಪಶ್ಚಿಮ ಭಾಗವನ್ನು, ವಿಶೇಷವಾಗಿ ಬಾಪೂಜಿ ನಗರದ ಪರಿಸರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೈಸೂರು ರಸ್ತೆಗೆ ಹೊಂದಿಕೊಂಡಿರುವ ಈ ಬಡಾವಣೆಯ ಸುತ್ತ ಗಾಳಿ ಆಂಜನೇಯ ದೇವಾಲಯ, ಸ್ಯಾಟಲೈಟ್ ಬಸ್ ನಿಲ್ದಾಣ, ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿಭಾಗದ ಕಾರ್ಖಾನೆಗಳಿವೆ. ಪಕ್ಕದ ವಿಜಯನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ. ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಇನ್ನೂ ಮುಂದೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಗುತ್ತವೆ. ಹಳ್ಳಿಯ ಕಥನ ಪರಂಪರೆ ಮತ್ತು ನಗರದ ಮುದ್ರಿತ ಪುಸ್ತಕ ಒಂದೇ ದಾರಿಯಲ್ಲಿ ಎದುರಾಗುವ ಪ್ರದೇಶವಿದು.

ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ಬಸ್ಸಿಗಾಗಿ ಕಾಯುವವರು, ಮಧ್ಯಾಹ್ನ ಬಿಡುವಾಗುವ ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ಇಂತಹ ಬಡಾವಣೆಗಳಲ್ಲಿ ಜನಪ್ರಿಯ ಕಾದಂಬರಿಯ ಓದುಗರಾಗಿದ್ದರು. ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಇದ್ದವು. ಅಲ್ಲಿಂದ ತಂದ ಪ್ರತಿಯನ್ನು ಮನೆಯವರೆಲ್ಲ ಸರದಿಯ ಮೇಲೆ ಓದುವುದು, ಅಂಚಿನಲ್ಲಿ ಪೆನ್ಸಿಲಿನಿಂದ ಟೀಕೆ ಬರೆಯುವುದು, ಕೊಲೆಗಾರನ ಹೆಸರನ್ನು ಯಾರೋ ಕಿಡಿಗೇಡಿಗಳು ಮೊದಲ ಪುಟದಲ್ಲೇ ಬರೆದಿಡುವುದು ಆ ಕಾಲದ ಓದುಗರಿಗೆ ಪರಿಚಿತ ಸಂಗತಿಗಳು. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಆರಂಭವಾದ ‘ತರಂಗ’ ಮೊದಲಾದ ವಾರಪತ್ರಿಕೆಗಳ ಧಾರಾವಾಹಿಗಳು ಈ ಓದಿಗೆ ಮತ್ತೊಂದು ರೂಪ ಕೊಟ್ಟವು. ಮುಂದಿನ ಕಂತಿಗಾಗಿ ಕಾಯುವ ಏಳು ದಿನಗಳಲ್ಲಿ ಓದುಗನೇ ಭವಿಷ್ಯ ಹೇಳುವವನಾಗುತ್ತಿದ್ದನು. ಅವನ ಊಹೆಗೆ ಆಧಾರವಾಗುತ್ತಿದ್ದುದು ಅವನು ಅದುವರೆಗೆ ಓದಿದ ಮತ್ತು ಕೇಳಿದ ಕಥೆಗಳೇ.

ಪತ್ತೇದಾರಿಯಿಂದ ಮುನ್ನರಿವಿನ ಕಥೆಗೆ

ಇಪ್ಪತ್ತನೆಯ ಶತಮಾನದ ನಡುಗಾಲದ ಕನ್ನಡ ಪತ್ತೇದಾರಿ ಕಾದಂಬರಿಯಲ್ಲಿ ಎನ್. ನರಸಿಂಹಯ್ಯನವರದು ದೊಡ್ಡ ಹೆಸರು. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಅವರು ಐನೂರರಷ್ಟು ಕಾದಂಬರಿಗಳನ್ನು ಬರೆದು ಬಹುದೊಡ್ಡ ಓದುಗವರ್ಗವನ್ನು ಸೃಷ್ಟಿಸಿದರು. ಕನ್ನಡ ಚಳವಳಿಯ ಮುಂದಾಳು ಮ. ರಾಮಮೂರ್ತಿ ಅವರೂ ಈ ಪ್ರಕಾರದ ಪ್ರಮುಖ ಲೇಖಕರಾಗಿದ್ದರು. ಅನಂತರ ಟಿ.ಕೆ. ರಾಮರಾವ್ ಅವರು ಅಪರಾಧದ ಕಥನಕ್ಕೆ ಕೌಟುಂಬಿಕ ಮತ್ತು ಪ್ರಾದೇಶಿಕ ವಿವರಗಳ ದಟ್ಟಣೆಯನ್ನು ತಂದರು.

ಪತ್ತೇದಾರನ ದೃಷ್ಟಿ ಹಿಮ್ಮುಖವಾದುದು. ಕೊಲೆ ನಡೆದುಹೋಗಿದೆ, ಉಳಿದ ಗುರುತುಗಳಿಂದ ಅವನು ಹಿಂದಿನದನ್ನು ಕಟ್ಟಿಕೊಡುತ್ತಾನೆ. ಮುಂಗಾಣುವ ನಾಯಕನದು ಇದಕ್ಕೆ ವಿರುದ್ಧವಾದ ಚಲನೆ. ಕೊಲೆ ಇನ್ನೂ ನಡೆದಿಲ್ಲ. ಅದರ ನೆರಳು ಮಾತ್ರ ಅವನಿಗೆ ಕಂಡಿದೆ. ಆದ್ದರಿಂದ ಪತ್ತೇದಾರಿ ಕಥೆಯ ಓದುಗನು ಸುಳಿವುಗಳನ್ನು ತನಗೆ ಪ್ರಾಮಾಣಿಕವಾಗಿ ಕೊಡಲಾಯಿತೇ ಎಂದು ಕೇಳಿದರೆ, ಮುನ್ನರಿವಿನ ಕಥೆಯ ಓದುಗನು ಈ ಅರಿವು ನ್ಯಾಯವಾದುದೇ ಎಂದು ಕೇಳುತ್ತಾನೆ. ಮೊದಲನೆಯ ಪ್ರಶ್ನೆಗೆ ತರ್ಕದಿಂದ ಉತ್ತರ ಹೇಳಬಹುದು. ಎರಡನೆಯದಕ್ಕೆ ತರ್ಕವೊಂದೇ ಸಾಲದು. ಅಲ್ಲಿ ಪರಂಪರೆಯ ಕಟ್ಟಳೆಗಳು ನೆರವಿಗೆ ಬರುತ್ತವೆ.

ಮುನ್ನರಿವಿನ ಜನಪದ ರೂಪಗಳು

ಕನ್ನಡ ಜನಪದರು ಮುನ್ನರಿವನ್ನು ಒಂದೇ ಬಗೆಯದೆಂದು ಭಾವಿಸಿಲ್ಲ. ಕೊರವಂಜಿ ಕಣಿ ಹೇಳುತ್ತಾಳೆ. ಕೇಳುವವರು ಎದುರಿಗೆ ಕುಳಿತಾಗ ಮಾತ್ರ ಅದು ನಡೆಯುತ್ತದೆ. ಬುಡಬುಡಿಕೆಯವನು ಬೆಳಗಿನ ಜಾವ ಹಾಲಕ್ಕಿಯ ನುಡಿಯನ್ನು ಮನೆಬಾಗಿಲಿಗೆ ತರುತ್ತಾನೆ. ಅವನು ತಾನೇ ಬಲ್ಲವನಲ್ಲ, ಹಕ್ಕಿಯ ಮಾತನ್ನು ತಲುಪಿಸುವವನು. ಶಕುನ ಎಲ್ಲರಿಗೂ ಕಾಣುವ ಗುರುತು. ಕನಸು ಒಬ್ಬನಿಗೇ ಬರುವಂಥದು. ಹಣೆಬರಹವು ಹುಟ್ಟಿದ ಐದಾರು ದಿನಗಳಲ್ಲೇ ದೈವ ಬರೆದ ಲಿಪಿ; ಅದನ್ನು ಓದಬಲ್ಲವರು ವಿರಳ. ಮಂಟೇಸ್ವಾಮಿ ಪರಂಪರೆ, ಕೊಡೇಕಲ್ ಬಸವಣ್ಣನವರ ಪರಂಪರೆಗಳಲ್ಲಿ ಕಾಣುವ ಕಾಲಜ್ಞಾನವು ವ್ಯಕ್ತಿಯ ಭವಿಷ್ಯಕ್ಕಿಂತ ಲೋಕದ ಭವಿಷ್ಯವನ್ನು ಕುರಿತದ್ದು.

ಜಗತ್ತಿನ ಕಥೆಗಳ ಆಶಯಗಳನ್ನು ವರ್ಗೀಕರಿಸಿದ ಸ್ಟಿತ್ ಥಾಮ್ಸನ್ ತಮ್ಮ ಆಶಯ ಸೂಚಿಯಲ್ಲಿ ಭವಿಷ್ಯವಾಣಿಗಳಿಗೆ ಎಂ 300ರಿಂದ 399ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟರು. ಭವಿಷ್ಯವಾಣಿಯಿಂದ ಪಾರಾಗಲು ನಡೆಸುವ ವ್ಯರ್ಥ ಯತ್ನಗಳು ಅದರಲ್ಲಿ ಎಂ 370ರ ಅಡಿ ಬರುತ್ತವೆ. ಆದರೆ ವರ್ಗೀಕರಣವು ಆಶಯಗಳನ್ನು ಗುರುತಿಸುತ್ತದೆಯೇ ಹೊರತು ಕೇಳುಗರು ಅವುಗಳನ್ನು ಯಾವಾಗ ಒಪ್ಪುತ್ತಾರೆ, ಯಾವಾಗ ಒಪ್ಪುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಮೂರು ಕಟ್ಟಳೆಗಳನ್ನು ಬಿಡಿಬಿಡಿಯಾಗಿ ನೋಡುವುದು ಅಗತ್ಯ.

ಮೊದಲ ಕಟ್ಟಳೆ: ಅರಿವಿಗೆ ತೆತ್ತ ಬೆಲೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ಡೆಂಕನಮರಡಿಯಲ್ಲಿ ಕಾರ್ಣಿಕ ನಡೆಯುತ್ತದೆ. ಕಾರ್ಣಿಕ ನುಡಿಯುವ ಗೊರವಯ್ಯ ಮೊದಲು ಉಪವಾಸ ವ್ರತ ಹಿಡಿಯುತ್ತಾನೆ. ಅನಂತರ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ನೆರೆದ ಜನಸಾಗರ ಮೌನವಾದಾಗ ಒಂದೇ ಒಂದು ನುಡಿಯನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ವ್ರತವಿಲ್ಲದೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ನುಡಿಯಿಲ್ಲ. ಮುಂದಿನದನ್ನು ಕಾಣುವವನು ಅದಕ್ಕೆ ಮೊದಲೇ ದೇಹದಿಂದ ಬೆಲೆ ತೆರಬೇಕು ಎಂಬುದು ಇಲ್ಲಿನ ತಿಳಿವಳಿಕೆ.

ಕನ್ನಡದ ಶ್ರೇಷ್ಠ ಕಾದಂಬರಿಯೊಂದು ಈ ಕಟ್ಟಳೆಯನ್ನು ಹೇಗೆ ಪಾಲಿಸಿದೆ ಎಂಬುದನ್ನು ನೋಡಬಹುದು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತು. 1977ರ ಜ್ಞಾನಪೀಠ ಪ್ರಶಸ್ತಿ ಅದರ ಮೂಲಕ ಕಾರಂತರಿಗೆ ಸಂದಿತು. ಮೂಡೂರಿನ ಮೂಕಜ್ಜಿ ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಬದುಕನ್ನು ಕಾಣಬಲ್ಲಳು. ಇದು ರೋಚಕ ಕಾದಂಬರಿಯಲ್ಲ. ಅಜ್ಜಿಯ ಕಾಣ್ಕೆ ಬಹುಪಾಲು ಭೂತಕಾಲದ್ದು. ಆದರೂ ವೈಚಾರಿಕರೆಂದು ಹೆಸರಾದ ಲೇಖಕರೊಬ್ಬರ ಈ ಪಾತ್ರದ ಶಕ್ತಿಯನ್ನು ಓದುಗರು ಆಕ್ಷೇಪವಿಲ್ಲದೆ ಒಪ್ಪಿಕೊಂಡುದಕ್ಕೆ ಕಾರಣ ಹುಡುಕಬೇಕಾಗುತ್ತದೆ. ಅಜ್ಜಿ ಬಾಲವಿಧವೆ, ದೀರ್ಘಕಾಲ ಮಾತು ಬಿಟ್ಟು ಬದುಕಿದವಳು. ತನ್ನದೆಂಬ ಬಾಳು ದಕ್ಕದವಳಿಗೆ ಎಲ್ಲರ ಬಾಳೂ ಕಾಣುತ್ತದೆ. ಓದುಗನಿಗೆ ಈ ಲೆಕ್ಕ ಸರಿಹೊಂದುತ್ತದೆ.

ಹೊರನಾಡಿನ ಕೃತಿಗಳಲ್ಲಿಯೂ ಇದೇ ನಿಯಮ ಕಾಣುತ್ತದೆ. 1979ರಲ್ಲಿ ಪ್ರಕಟವಾದ ಸ್ಟೀಫನ್ ಕಿಂಗ್ ಅವರ ‘ದಿ ಡೆಡ್ ಜೋನ್’ ಕಾದಂಬರಿಯ ನಾಯಕ ಜಾನಿ ಸ್ಮಿತ್ ಅಪಘಾತದಲ್ಲಿ ಪ್ರಜ್ಞೆ ತಪ್ಪಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮಲಗಿರುತ್ತಾನೆ. ಎಚ್ಚರವಾದಾಗ ಮುಟ್ಟಿದವರ ಭವಿಷ್ಯ ಅವನಿಗೆ ಕಾಣತೊಡಗುತ್ತದೆ; ಆದರೆ ಅವನು ಪ್ರೀತಿಸಿದವಳು ಅಷ್ಟರಲ್ಲಿ ಬೇರೊಬ್ಬನ ಹೆಂಡತಿಯಾಗಿರುತ್ತಾಳೆ. ಅರಿವು ಮತ್ತು ನಷ್ಟ ಜೊತೆಯಾಗಿಯೇ ಬಂದಿವೆ. ಇದಕ್ಕೆ ವಿರುದ್ಧವಾಗಿ, ಯಾವ ನಷ್ಟವೂ ಇಲ್ಲದೆ, ಕಥೆಗೆ ಬೇಕಾದಾಗಲೆಲ್ಲ ಮುಂದಿನದನ್ನು ಕಾಣುವ ನಾಯಕನನ್ನು ಓದುಗರು ಲೇಖಕನ ಅನುಕೂಲಕ್ಕಾಗಿ ಹುಟ್ಟಿದವನೆಂದು ಟೀಕಿಸುತ್ತಾರೆ. ಈ ಟೀಕೆ ಅಲೌಕಿಕವನ್ನು ಕುರಿತದ್ದಲ್ಲ; ಬೆಲೆ ತೆರದ ಅರಿವನ್ನು ಕುರಿತದ್ದು.

ಎರಡನೆಯ ಕಟ್ಟಳೆ: ನುಡಿಯ ಮಿತಿ

ಬಲ್ಲವನು ಬಲ್ಲುದನ್ನೆಲ್ಲ ಹೇಳಿಬಿಟ್ಟರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಇಂತಹ ಪ್ರತಿಯೊಂದು ಕಾದಂಬರಿಯೂ ನಾಯಕನ ಮೌನಕ್ಕೆ ಕಾರಣ ಕೊಡಬೇಕಾಗುತ್ತದೆ. ಜನಪದರಿಗೆ ಈ ಸಮಸ್ಯೆ ಹಳೆಯದು. ಮಹಾಭಾರತದ ಮೌಖಿಕ ಪರಂಪರೆಗಳಲ್ಲಿ ಸಹದೇವನು ತ್ರಿಕಾಲಜ್ಞಾನಿ. ಯುದ್ಧ, ಅದರ ಫಲ ಎಲ್ಲವೂ ಅವನಿಗೆ ಗೊತ್ತು. ಆದರೆ ಯಾರೂ ಕೇಳದೆ ತಾನಾಗಿ ಹೇಳುವಂತಿಲ್ಲ. ಹೇಳಿದರೆ ಅವನ ತಲೆ ಒಡೆದುಹೋಗುತ್ತದೆ ಎಂಬುದು ಪ್ರಚಲಿತ ಕಥೆ. ಪಾಂಡವರಲ್ಲಿ ಅತ್ಯಂತ ತಿಳಿದವನೇ ಅತ್ಯಂತ ಮಿತಭಾಷಿಯಾಗಿರುವುದಕ್ಕೆ ಜನಪದರು ಕೊಟ್ಟುಕೊಂಡ ವಿವರಣೆಯಿದು. ಮೂಕಜ್ಜಿಯೂ ಸಾಮಾನ್ಯವಾಗಿ ಮೊಮ್ಮಗ ಕೇಳಿದಾಗ ನುಡಿಯುವವಳು.

ನುಡಿಯ ಮಿತಿಗೆ ಎರಡನೆಯ ರೂಪ ಒಗಟು. ಕಾರ್ಣಿಕದ ನುಡಿ ಒಂದು ಸಾಲಿಗಿಂತ ಬೆಳೆಯುವುದಿಲ್ಲ. ಅದು ನೇರವಾಗಿಯೂ ಇರುವುದಿಲ್ಲ. ಗೊರವಯ್ಯ ನುಡಿದ ಕೂಡಲೇ ಜಾತ್ರೆಯಲ್ಲಿ ಅರ್ಥ ಹೇಳುವ ಕೆಲಸ ಆರಂಭವಾಗುತ್ತದೆ. ರೈತನು ಅದರಲ್ಲಿ ಮಳೆ ಬೆಳೆಯನ್ನು ಕಾಣುತ್ತಾನೆ, ರಾಜಕೀಯದಲ್ಲಿ ಆಸಕ್ತಿಯಿರುವವನು ಅಧಿಕಾರದ ಏಳುಬೀಳನ್ನು ಕಾಣುತ್ತಾನೆ. ಪತ್ರಿಕೆಗಳಲ್ಲಿ ನುಡಿಯೂ ಅದರ ವ್ಯಾಖ್ಯಾನಗಳೂ ಪ್ರಕಟವಾಗುತ್ತವೆ. ವರ್ಷ ಕಳೆದ ಮೇಲೆ, ನಡೆದ ಘಟನೆಗಳ ಬೆಳಕಿನಲ್ಲಿ ನುಡಿಯ ಅರ್ಥವನ್ನು ಮರಳಿ ನೋಡುವವರೂ ಇದ್ದಾರೆ. ಅಂದರೆ ಕಾರ್ಣಿಕವು ಪೂರ್ಣವಾಗುವುದು ನುಡಿದವನಲ್ಲಿ ಅಲ್ಲ, ಕೇಳಿದವರಲ್ಲಿ. ಇದು ಒಂದು ಬಗೆಯ ಸಾಮೂಹಿಕ ಓದು.

ಈ ಅಭ್ಯಾಸವುಳ್ಳ ಸಮಾಜದ ಓದುಗನು ಕಾದಂಬರಿಯ ನಾಯಕನಿಗೆ ಬೀಳುವ ಒಡೆದ, ಅರ್ಧಂಬರ್ಧದ ದೃಶ್ಯಗಳನ್ನು ದೋಷವೆಂದು ತಿಳಿಯುವುದಿಲ್ಲ. ಬಾಗಿಲು, ರಕ್ತದ ಕಲೆ, ನಿಂತ ಗಡಿಯಾರ ಇಷ್ಟು ಕಂಡರೆ ಸಾಕು. ಉಳಿದದ್ದು ತನ್ನ ಪಾಲಿನ ಕೆಲಸವೆಂದು ಅವನು ಭಾವಿಸುತ್ತಾನೆ. ಎಲ್ಲವೂ ಸ್ಪಷ್ಟವಾಗಿ ಕಂಡರೆ ಅವನಿಗೆ ಬೇಸರ. ಒಗಟಿನ ನಿಜವಾದ ಅರ್ಥ ಮೊದಲೇ ಹೇಳಿದ ಮಾತಿನೊಳಗೆ ಇರದೆ ಹೊರಗಿನಿಂದ ಬಂದರೆ ಅವನಿಗೆ ಸಿಟ್ಟು.

ಮೂರನೆಯ ಕಟ್ಟಳೆ: ತಪ್ಪದ ಘಟನೆ, ತಡವಾಗಿ ಬರುವ ನಾಯಕ

ಕನ್ನಡದ ಮುಂಗಾಣುವ ನಾಯಕನನ್ನು ಅರಸುವವರು ಮುದ್ರಿತ ಕಾದಂಬರಿಗಿಂತ ಮೊದಲು ‘ಕೆರೆಗೆ ಹಾರ’ ಕಥನಗೀತೆಯ ಕಡೆಗೆ ನೋಡಬೇಕು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಜೋಯಿಸನು ಪಂಚಾಂಗ ನೋಡಿ ಸೊಸೆಯ ಬಲಿಯಾಗಬೇಕೆನ್ನುತ್ತಾನೆ. ಕಿರಿಯ ಸೊಸೆ ಭಾಗೀರಥಿ ತವರಿಗೆ ಹೋಗಿ, ತಂದೆತಾಯಿಗಳಿಗೆ ಬೇರೇನೋ ಕಾರಣ ಹೇಳಿ, ಗೆಳತಿಗೆ ಮಾತ್ರ ನಿಜ ತಿಳಿಸಿ ಮರಳುತ್ತಾಳೆ. ಕೆರೆಯ ಪೂಜೆ ಮುಗಿದ ಮೇಲೆ ಮರೆತು ಬಂದ ಬಟ್ಟಲನ್ನು ತರಲು ಅವಳನ್ನೇ ಕಳುಹಿಸುತ್ತಾರೆ. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯನಿಗೆ ಕೆಟ್ಟ ಕನಸು ಬೀಳುತ್ತದೆ. ಅವನು ಕುದುರೆಯೇರಿ ಬರುತ್ತಾನೆ. ಮನೆಯವರು ಹೆಂಡತಿ ತವರಿಗೆ ಹೋಗಿದ್ದಾಳೆಂದು ಸುಳ್ಳು ಹೇಳುತ್ತಾರೆ. ತವರಿನಲ್ಲಿಯೂ ಅವಳಿಲ್ಲ. ಕೊನೆಗೆ ಗೆಳತಿಯಿಂದ ನಿಜ ತಿಳಿದು ಅವನೂ ಅದೇ ಕೆರೆಗೆ ಹಾರುತ್ತಾನೆ.

ಈ ಗೀತೆಯಲ್ಲಿ ಅರಿವು ಮೂರು ಹಂತಗಳಲ್ಲಿ ಹಂಚಿಕೆಯಾಗಿದೆ. ಜೋಯಿಸನಿಗೆ ಪಂಚಾಂಗದಿಂದ, ಭಾಗೀರಥಿಗೆ ಮನೆಯ ಆಗುಹೋಗುಗಳಿಂದ, ಮಾದೇವರಾಯನಿಗೆ ಕನಸಿನಿಂದ. ಕೇಳುಗರಿಗೆ ಮಾತ್ರ ಇವೆಲ್ಲವೂ ಗೊತ್ತು. ಆದ್ದರಿಂದ ಕುದುರೆ ಓಡುವಾಗ ಕೇಳುಗರ ಮುಂದಿರುವುದು ಏನಾಗಿದೆ ಎಂಬ ಪ್ರಶ್ನೆಯಲ್ಲ, ಅವನಿಗೆ ಯಾವಾಗ ತಿಳಿಯುತ್ತದೆ ಎಂಬ ಪ್ರಶ್ನೆ. ಚಲನಚಿತ್ರ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸಿದ ತತ್ತ್ವವೂ ಇದೇ: ಬಾಂಬು ಹಠಾತ್ತನೆ ಸಿಡಿದರೆ ಅದು ಕ್ಷಣದ ಬೆರಗು, ಅದು ಅಲ್ಲಿರುವುದು ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ ಅದು ದೀರ್ಘವಾದ ಆತಂಕ. ಬೀಸುವ ಕಲ್ಲಿನ ಮುಂದೆ ಕುಳಿತು ಇಂತಹ ಹಾಡುಗಳನ್ನು ಹಾಡಿದ ಹೆಣ್ಣುಮಕ್ಕಳಿಗೆ ಈ ವಿದ್ಯೆ ಕರಗತವಾಗಿತ್ತು.

ಮಾದೇವರಾಯನ ಕನಸು ಭಾಗೀರಥಿಯನ್ನು ಉಳಿಸುವುದಿಲ್ಲ. ಹಾಗಾದರೆ ಕನಸಿನ ಪ್ರಯೋಜನವೇನು? ಅದು ಘಟನೆಯನ್ನು ಬದಲಿಸುವುದಿಲ್ಲ, ಮನುಷ್ಯನನ್ನು ಬದಲಿಸುತ್ತದೆ. ಮನೆಯವರು ಲೋಕಹಿತವೆಂದು ಒಪ್ಪಿಕೊಂಡ ಬಲಿಯನ್ನು ಒಪ್ಪದವನೊಬ್ಬನಿದ್ದಾನೆ ಎಂಬುದು ಕನಸಿನಿಂದ ಹೊರಟ ಅವನ ಪಯಣದಲ್ಲಿ ತಿಳಿಯುತ್ತದೆ. ಭಾಗೀರಥಿಯ ಸಾವಿಗೆ ಗೀತೆಯೊಳಗೆ ದೊರೆಯುವ ಪ್ರತಿಭಟನೆ ಅದೊಂದೇ.

ಎ.ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿ, ಭಾರತೀಯ ಈಡಿಪಸ್ ಆಶಯವನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಚರ್ಚಿಸಿದ ಕಥೆಯೂ ಇಲ್ಲಿ ಮುಖ್ಯ. ತನ್ನ ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತು ಹುಟ್ಟಿದ ಹುಡುಗಿ ಅದನ್ನು ತಪ್ಪಿಸಲು ಕಾಡು ಸೇರುತ್ತಾಳೆ. ಗಂಡಸರ ಮುಖ ನೋಡದೆ ಬದುಕಿದರೂ ಅಲ್ಲಿ ತಿಂದ ಮಾವಿನ ಹಣ್ಣಿನಿಂದಲೇ ಬಸಿರಾಗುತ್ತಾಳೆ. ಮಗುವನ್ನು ಸೀರೆಯಲ್ಲಿ ಸುತ್ತಿ ನೀರಿಗೆ ಬಿಟ್ಟರೂ ವಿಧಿ ನಡೆದೇ ತೀರುತ್ತದೆ. ಸೀರೆಯ ಗುರುತಿನಿಂದ ನಿಜ ತಿಳಿದಾಗ ಅವಳು ಪ್ರಾಣ ಬಿಡುತ್ತಾಳೆ. ಗ್ರೀಕ್ ಕಥೆಯ ಈಡಿಪಸ್ ಗಂಡು. ಇಲ್ಲಿ ಕಥೆ ತಾಯಿಯದು. ತಪ್ಪಿಸಿಕೊಳ್ಳಲು ಹಿಡಿದ ದಾರಿಯೇ ವಿಧಿಯ ದಾರಿಯಾಗುವುದು ಎರಡಕ್ಕೂ ಸಮಾನ.

ಇತ್ತೀಚಿನ ರೋಚಕ ಕೃತಿಗಳಲ್ಲಿ ಯಶಸ್ವಿಯಾದವು ಈ ಕಟ್ಟಳೆಯನ್ನು ಬೇರೆ ಬೇರೆ ರೀತಿಯಲ್ಲಿ ಪಾಲಿಸಿವೆ. ಡೀನ್ ಕೂಂಟ್ಸ್ ಅವರ ‘ಆಡ್ ಥಾಮಸ್’ ಕಾದಂಬರಿ 2003ರಲ್ಲಿ ಬಂದಿತು. ಹಿಂಸೆ ನಡೆಯಲಿರುವ ಕಡೆ ಮುತ್ತುವ ಕಪ್ಪು ಆಕೃತಿಗಳನ್ನು ಅದರ ನಾಯಕ ಕಾಣಬಲ್ಲ. ತಾನೂ ಪ್ರೇಯಸಿಯೂ ಎಂದೆಂದಿಗೂ ಜೊತೆಯಾಗಿರುವೆವು ಎಂದು ಜಾತ್ರೆಯ ಭವಿಷ್ಯದ ಯಂತ್ರ ಕೊಟ್ಟ ಚೀಟಿಯನ್ನು ಅವನು ನಂಬಿರುತ್ತಾನೆ. ಅವನು ಹಲವರನ್ನು ಉಳಿಸುತ್ತಾನೆ, ಅವಳನ್ನು ಉಳಿಸಲಾರ. ಮೈಲಾರದ ಜಾತ್ರೆಯಲ್ಲಿ ನಿಂತು ನುಡಿಗೆ ಅರ್ಥ ಕಟ್ಟಿದವರಿಗೆ ಈ ಕೊನೆ ಅಪರಿಚಿತವೆನಿಸಲಾರದು: ನುಡಿ ಸುಳ್ಳಾಗಿಲ್ಲ, ಕೇಳಿದವನು ಮಾಡಿಕೊಂಡ ಅರ್ಥ ಸುಳ್ಳಾಗಿದೆ.

ನಂಬಿಕೆ ಮತ್ತು ಓದು

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಇಂತಹ ಓದು ಮೂಢನಂಬಿಕೆಯನ್ನು ಬೆಳೆಸುವುದಿಲ್ಲವೇ? ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ ‘ತುಳಸೀದಳ’ ಕನ್ನಡಕ್ಕೆ ಬಂದು ಅಪಾರ ಜನಪ್ರಿಯವಾಯಿತು. 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಮಾಟದ ಪರಿಣಾಮಕ್ಕೆ ಒಳಗಾದ ಮಗುವಿನ ಕಥೆಯಲ್ಲಿ ವೈದ್ಯಕೀಯ ವಿವರಣೆ ಮತ್ತು ಮಾಂತ್ರಿಕ ವಿವರಣೆ ಎರಡನ್ನೂ ಜೊತೆಜೊತೆಯಾಗಿ ನಡೆಸಿದುದು ಅದರ ತಂತ್ರ. ತೆಲುಗಿನಲ್ಲಿ ಲೇಖಕಿ ರಂಗನಾಯಕಮ್ಮ ಅವರು ಆ ಕೃತಿಯನ್ನು ತೀವ್ರವಾಗಿ ವಿರೋಧಿಸಿ ಬರೆದರು. ಈ ಆತಂಕ ನಿರಾಧಾರವಾದುದಲ್ಲ. ಮಾಟಗಾತಿಯೆಂಬ ಆರೋಪಕ್ಕೆ ಬಲಿಯಾದ ಹೆಣ್ಣುಮಕ್ಕಳು ಕಥೆಯ ಪಾತ್ರಗಳಲ್ಲ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಕಾಯಿದೆ ರೂಪುಗೊಂಡು 2020ರಲ್ಲಿ ಜಾರಿಗೆ ಬಂದಿತು.

ಬಾಪೂಜಿ ನಗರದಿಂದ ಕೆಲವೇ ಕಿಲೋಮೀಟರ್ ದೂರದ ಜ್ಞಾನಭಾರತಿಗೆ ಈ ವಿಚಾರದಲ್ಲಿ ವಿಶೇಷ ಸ್ಥಾನವಿದೆ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿಯನ್ನು ರಚಿಸಿದರು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರ ನಿಲುವಾಗಿತ್ತು. ಇದೇ ಪರಿಸರದಲ್ಲಿ ಬುಡಬುಡಿಕೆಯವನ ಸದ್ದೂ ಬಾಡಿಗೆ ಕಾದಂಬರಿಯೂ ಇದ್ದವು. ಮೂರನ್ನೂ ಒಟ್ಟಿಗೆ ಕಂಡ ಓದುಗನ ಮಾತನ್ನು ನಂಬಿಕೆ ಅಥವಾ ಅಪನಂಬಿಕೆ ಎಂಬ ಎರಡೇ ಪೆಟ್ಟಿಗೆಗಳಲ್ಲಿ ಹಾಕಲಾಗದು.

ಐತಿಹ್ಯಗಳನ್ನು ಅಧ್ಯಯನ ಮಾಡಿದ ಲಿಂಡಾ ಡೇಗ್ ತಮ್ಮ 2001ರ ಗ್ರಂಥದಲ್ಲಿ ಐತಿಹ್ಯವೆಂದರೆ ನಂಬಿಕೆಯ ಘೋಷಣೆಯಲ್ಲ, ನಂಬಿಕೆಯನ್ನು ಕುರಿತ ವಾಗ್ವಾದ ಎಂಬ ನಿಲುವನ್ನು ಪ್ರತಿಪಾದಿಸಿದರು. ಒಬ್ಬನು ನಡೆದಿದೆ ಎನ್ನುತ್ತಾನೆ, ಮತ್ತೊಬ್ಬನು ಇರಲಾರದು ಎನ್ನುತ್ತಾನೆ, ಮೂರನೆಯವನು ತನ್ನ ಅಜ್ಜಿಗೆ ಹೀಗೆಯೇ ಆಗಿತ್ತು ಎನ್ನುತ್ತಾನೆ; ಈ ಮೂವರ ಮಾತೂ ಸೇರಿಯೇ ಐತಿಹ್ಯ. ಮುಂಗಾಣುವ ನಾಯಕನ ಕಾದಂಬರಿಯನ್ನು ಕುರಿತ ಓದುಗರ ಮಾತುಕತೆಗೂ ಇದೇ ಸ್ವರೂಪವಿದೆ. ಕಣಿಯನ್ನು ನಂಬದವನು ಕಾದಂಬರಿಯನ್ನು ಮೆಚ್ಚಬಹುದು. ಕಣಿಯನ್ನು ನಂಬುವವನು ನಾಯಕನು ವ್ರತವಿಲ್ಲದೆ ಕಂಡನೆಂದು, ಕೇಳದೆ ಹೇಳಿದನೆಂದು ಅದೇ ಕಾದಂಬರಿಯನ್ನು ತಿರಸ್ಕರಿಸಬಹುದು. ಕಟ್ಟಳೆಗಳನ್ನು ಬಲ್ಲವನೇ ಅವುಗಳ ಉಲ್ಲಂಘನೆಯನ್ನು ಬೇಗ ಗುರುತಿಸುತ್ತಾನೆ. ಆದ್ದರಿಂದ ಓದುಗನ ಅಭಿಪ್ರಾಯವನ್ನು ಅವನ ನಂಬಿಕೆಯ ಪ್ರಮಾಣಪತ್ರವೆಂದು ಓದುವುದು ವಿಧಾನದ ದೃಷ್ಟಿಯಿಂದಲೇ ತಪ್ಪು.

ಆಕರಗಳ ಪ್ರಶ್ನೆ

ಈ ಬಗೆಯ ಅಧ್ಯಯನಕ್ಕೆ ಬೇಕಾದ ಆಕರಗಳು ಬಹುಬೇಗ ಕಣ್ಮರೆಯಾಗುತ್ತಿವೆ. ಬಾಡಿಗೆ ಪುಸ್ತಕದ ಅಂಗಡಿಗಳು ಮುಚ್ಚಿದಾಗ ಅಲ್ಲಿನ ಪುಸ್ತಕಗಳು ತೂಕದ ಲೆಕ್ಕದಲ್ಲಿ ರದ್ದಿಗೆ ಹೋಗುವುದುಂಟು. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹರಿದ ಪ್ರತಿಗಳನ್ನು ವಿಲೇವಾರಿ ಮಾಡುವುದು ಸಹಜ ಕ್ರಮ. ಆದರೆ ಅಂಚಿನಲ್ಲಿ ಬರಹವಿರುವ ಪ್ರತಿ ಗ್ರಂಥಪಾಲಕನಿಗೆ ಹಾಳಾದ ಪುಸ್ತಕವಾದರೆ ಜಾನಪದ ವಿದ್ವಾಂಸನಿಗೆ ಕ್ಷೇತ್ರಕಾರ್ಯದ ಟಿಪ್ಪಣಿ. ವಾರಪತ್ರಿಕೆಗಳ ಹಳೆಯ ಸಂಪುಟಗಳನ್ನು ಕಟ್ಟಿಡುವಾಗ ಧಾರಾವಾಹಿಯ ಕಂತುಗಳಷ್ಟೇ ಎಚ್ಚರದಿಂದ ಓದುಗರ ಪತ್ರಗಳ ಪುಟವನ್ನೂ ಉಳಿಸಬೇಕಾಗಿದೆ. ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಆ ಕಾಲದ ಓದುಗರಾಗಿದ್ದವರು ಈಗ ಹಿರಿಯರು. ಅವರಲ್ಲಿ ಹಲವರು ಬಾಲ್ಯದಲ್ಲಿ ಹಾಡು ಕೇಳಿ, ಯೌವನದಲ್ಲಿ ಕಾದಂಬರಿ ಓದಿದವರು. ಎರಡರ ನಡುವಿನ ಸಂಬಂಧವನ್ನು ತಮ್ಮದೇ ಮಾತಿನಲ್ಲಿ ಹೇಳಬಲ್ಲವರು.

ಸಹದೇವನ ಕಥೆಯಲ್ಲಿ ಬಲ್ಲವನು ಮೌನವಾಗಿ ಉಳಿದುದಕ್ಕೆ ಕಾರಣ ಅವನನ್ನು ಯಾರೂ ಕೇಳದಿದ್ದುದು. ಜನಪ್ರಿಯ ಕಾದಂಬರಿಯ ಓದುಗರ ವಿಷಯದಲ್ಲಿಯೂ ಅಧ್ಯಯನ ಲೋಕ ಇದುವರೆಗೆ ಹೆಚ್ಚಾಗಿ ಕೇಳಿಲ್ಲ. ಗ್ರಂಥಾಲಯಗಳು ಪ್ರತಿಗಳನ್ನು ಉಳಿಸಿ, ಸಂಶೋಧಕರು ಧ್ವನಿಮುದ್ರಣದೊಡನೆ ಮನೆಮನೆಗೆ ಹೋಗಿ ಕೇಳಿದರೆ, ಕನ್ನಡದ ಕಥನ ಪರಂಪರೆಯು ಬೀಸುವ ಕಲ್ಲಿನಿಂದ ಬಾಡಿಗೆ ಪುಸ್ತಕದವರೆಗೆ ನಡೆದುಬಂದ ದಾರಿ ಇನ್ನಷ್ಟು ಸ್ಪಷ್ಟವಾಗುತ್ತದೆ.